ದೊಡ್ಡಲಕ್ಷ್ಮಮ್ಮ ವಾಪಸ್ ತಂದ ಮಾತ್ರೆಗಳು

ದೊಡ್ಡಲಕ್ಷ್ಮಮ್ಮನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನಗೂ ಆಯಮ್ಮನನ್ನು ಕಂಡರೆ ಅಷ್ಟಕ್ಕಷ್ಟೆ. ಕೈಲಾಂಚದಲ್ಲಿ ಹತ್ತೊಂಬತ್ತು ವರ್ಷದಿಂದ ಮೆಡಿಕಲ್ ಸ್ಟೋರ್ ನಡೆಸುತ್ತಿದ್ದೇನೆ. ಬೈದವರನ್ನು ನೋಡಿದ್ದೇನೆ, ಶಾಪ ಹಾಕಿದವರನ್ನು ನೋಡಿದ್ದೇನೆ, ಕುಡಿದು ಬಂದು ಕೌಂಟರಿನ ಮೇಲೆ ತಲೆಯಿಟ್ಟು ಮಲಗಿದವರನ್ನೂ ನೋಡಿದ್ದೇನೆ. ಆದರೆ ಮಾತ್ರೆಯ ಶೀಟನ್ನು ನನ್ನ ಮುಖಕ್ಕೆ ಗುರಿಯಿಟ್ಟು ಎಸೆದವಳು ಆಯಮ್ಮ ಒಬ್ಬಳೇ. ಕನ್ನಡಕಕ್ಕೆ ತಗುಲಿತು. ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು, ನಾಲ್ವರೂ ನಕ್ಕರು.

ವಯಸ್ಸು ಅರವತ್ತಮೂರು. ಕಬ್ಬಾಳು ಕಡೆಯ ಹುಟ್ಟು. ಹದಿನೆಂಟಕ್ಕೆ ಮದುವೆಯಾಗಿ ನಮ್ಮೂರಿಂದ ಎರಡು ಕಿಲೋಮೀಟರ್ ಆಚೆಯ ಹಳ್ಳಿಗೆ ಬಂದಳು. ಗಂಡ ತಿಮ್ಮಯ್ಯ ತೀರಿಕೊಂಡು ಹನ್ನೊಂದು ವರ್ಷವಾಯಿತು. ಮಗ ಅನಂತರಾಜು ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾನೆ, ಸೊಸೆ ಭಾನುಪ್ರಿಯ ಮನೆ, ಹಸು ನೋಡಿಕೊಳ್ಳುತ್ತಾಳೆ. ಹಿಪ್ಪುನೇರಳೆ ತೋಟ ಮತ್ತು ರೇಷ್ಮೆ ಹುಳದ ಮನೆ ಮಾತ್ರ ದೊಡ್ಡಲಕ್ಷ್ಮಮ್ಮನದು. ನಲವತ್ತು ವರ್ಷದಲ್ಲಿ ತನ್ನ ಕೈಯಿಂದ ಒಂದು ಬೆಳೆಯೂ ಕೆಟ್ಟಿಲ್ಲ ಎನ್ನುವುದು ಆಯಮ್ಮನ ಹೆಮ್ಮೆ. ಅದು ನಿಜವೇ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಈಕೆಯ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆಯೇ ಹರಾಜಿನಲ್ಲಿ ಬೆಲೆ ಕೂಗುವ ರೀಲರುಗಳಿದ್ದಾರೆ, ಅಂದರೆ ನೂಲು ತೆಗೆಯುವವರು.

ಅಷ್ಟೇ ಹೇಳಿ ನಿಲ್ಲಿಸಿದರೆ ಒಳ್ಳೆಯ ಹೆಂಗಸು ಎಂದುಕೊಳ್ಳುತ್ತೀರಿ. ಹಾಗೇನಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಡೇರಿ ಕಾರ್ಯದರ್ಶಿಯ ಹತ್ತಿರ ಮಾತು ಬಿಟ್ಟು ಆರು ವರ್ಷ. ತೋಟದ ಬದುವಿನ ಮೇಲೆ ಬೀಡಿ ಸೇದಿದ ಪಕ್ಕದ ಜಮೀನಿನವನನ್ನು ಕುಡುಗೋಲು ಹಿಡಿದು ಅಟ್ಟಿಸಿಕೊಂಡು ಹೋಗಿದ್ದಳು, ಹೊಗೆಸೊಪ್ಪಿನ ಗಾಳಿ ತಾಗಿದರೆ ಹುಳ ಸಾಯುತ್ತದೆ ಎಂದು. ಹುಳದ ಮನೆಗೆ ಊದುಬತ್ತಿ ಆಗದು, ಪೌಡರು ಆಗದು, ಬಾಮು ಆಗದು. ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆಯದೆ ಸ್ವಂತ ಮಗನನ್ನೂ ಒಳಗೆ ಬಿಡಳು.

ಇಂಥವಳಿಗೆ ಎರಡು ವರ್ಷದ ಹಿಂದೆ ಸರ್ಪಸುತ್ತು ಬಂತು. ಎಡಗಡೆ ಪಕ್ಕೆಲುಬಿನ ಮೇಲೆ, ಬೆನ್ನಿನಿಂದ ಎದೆಯ ಕೆಳಗಿನವರೆಗೆ, ಕೆಂಪಗೆ ಗುಳ್ಳೆಗಳ ಪಟ್ಟಿ. ಸುತ್ತು ಬಂದು ತಲೆಬಾಲ ಕೂಡಿದರೆ ಜೀವ ಹೋಗುತ್ತದೆ ಎನ್ನುವ ಹೆದರಿಕೆ ನಮ್ಮ ಕಡೆ ಇನ್ನೂ ಇದೆ. ಆಸ್ಪತ್ರೆಗೆ ಹೋಗುವ ಬದಲು ಅದೇ ಹಳ್ಳಿಯಲ್ಲಿ ನಾಟಿ ಮದ್ದು ಮಾಡುವ ಅಂಕಮ್ಮನ ಹತ್ತಿರ ಹೋಗಿ ಗುಳ್ಳೆಯ ಸುತ್ತ ಕೆಮ್ಮಣ್ಣಿನಲ್ಲಿ ಬರೆಸಿಕೊಂಡಳು. ಹನ್ನೊಂದು ದಿನ ಪಥ್ಯ ಮಾಡಿದಳು. ಗುಳ್ಳೆ ಒಣಗಿದವು, ಹಕ್ಕಳೆ ಉದುರಿತು. ಅಂಕಮ್ಮನಿಗೆ ಎಲೆ ಅಡಿಕೆ ಕೊಟ್ಟು ಕೈ ಮುಗಿದು ಬಂದಳು. ನೋವು ಮಾತ್ರ ಅಲ್ಲೇ ಉಳಿಯಿತು.

ಅದು ಎಂಥ ನೋವು ಎಂದು ನನಗೆ ಆಗ ಗೊತ್ತಿರಲಿಲ್ಲ. ಸೆರಗು ಸೋಕಿದರೆ ಬೆಂಕಿ ಬಿದ್ದ ಹಾಗೆ ಎನ್ನುತ್ತಿದ್ದಳು. ರವಿಕೆ ತೊಡುವುದನ್ನು ಬಿಟ್ಟು ಮಗನ ಹಳೆಯ ಬನಿಯನ್ನನ್ನು ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಿಕೊಳ್ಳತೊಡಗಿದಳು. ಬಸ್ಸಿನಲ್ಲಿ ಯಾರಾದರೂ ಎಡಕ್ಕೆ ಒರಗಿದರೆ ಕಿರುಚುತ್ತಿದ್ದಳು. ಹೊರಗೆ ನೋಡಿದರೆ ಒಂದು ಗಾಯವೂ ಇಲ್ಲ. ಹಾಗಾಗಿ ಊರಿನವರು ನಾಟಕ ಎಂದರು. ಬಾಯಿಬಿಟ್ಟು ಹೇಳದಿದ್ದರೂ ನಾನೂ ಹಾಗೇ ಅಂದುಕೊಂಡೆ.

ಚೀಟಿ ಇಲ್ಲದೆ ಬಂದು ನಿಂತಳು. ನಾನು ಎಲ್ಲರಿಗೂ ಕೊಡುವುದನ್ನೇ ಕೊಟ್ಟೆ. ಮೈಕೈ ನೋವಿನ ಮಾತ್ರೆ, ಜೊತೆಗೊಂದು ಬಿ ಟ್ವೆಲ್ವ್. ಮುಗಿದಾಗ ಮತ್ತೆ ಕೊಟ್ಟೆ. ಹೀಗೆ ಮೂರು ತಿಂಗಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ನನ್ನ ವೈದ್ಯ. ಗಾಯದ ನೋವಿಗೆ ಕೊಡುವ ಮಾತ್ರೆ ನರದ ನೋವಿಗೆ ನಾಟುವುದಿಲ್ಲ. ಇದನ್ನು ಡಿಪ್ಲೊಮಾ ಓದುವಾಗ ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ, ಅಂಗಡಿಯಲ್ಲಿ ಕೂತ ಮೇಲೆ ಮರೆತಿದ್ದೆ.

ಹೊಟ್ಟೆ ಹುಣ್ಣಾಗಿ ಎರಡು ದಿನ ರಾಮನಗರದಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದ ಮೇಲೆ ನೇರವಾಗಿ ಅಂಗಡಿಗೆ ಬಂದಳು.

"ಏನಯ್ಯಾ ಶಂಭುಲಿಂಗ, ಮೂರ್ ತಿಂಗ್ಳಿಂದ ನುಂಗ್ತಾ ಇವ್ನಿ, ಪಕ್ಕೆ ಉರಿಯೋದು ಉರೀತಾನೇ ಐತೆ, ಈಗ ಹೊಟ್ಟೆನೂ ಸುಟ್ಬುಟ್ಟೆ. ಅಯ್ನೋರ ಮನೇಲಿ ಹುಟ್ಟಿ ಇದೇನಾ ನೀ ಕಲ್ತಿದ್ದು?"

"ನೀವೇ ಕೇಳಿ ತಗೊಂಡೋದ್ರಲ್ಲ, ಲಕ್ಷ್ಮಮ್ಮೋರೇ."

"ನಾ ಕೇಳ್ದೆ. ವಿಷ ಕೇಳಿದ್ರೂ ಕೊಡ್ತಿದ್ಯಾ?"

ಶೀಟು ನನ್ನ ಕನ್ನಡಕಕ್ಕೆ ಬಿದ್ದದ್ದು ಆವತ್ತೇ. ಬೇರೆಯವರ ಮುಂದೆ ಮರ್ಯಾದೆ ಹೋಯಿತು ಎಂಬ ಉರಿಯಲ್ಲಿ, ಆಯಮ್ಮ ಹೇಳಿದ್ದರಲ್ಲಿ ಒಂದು ಸುಳ್ಳೂ ಇಲ್ಲ ಎನ್ನುವುದು ನನಗೆ ಕಾಣಲಿಲ್ಲ.

ಅಲ್ಲಿಂದ ಮುಂದೆ ರಾಮನಗರದ ಡಾಕ್ಟರ್ ಸಿದ್ಧಾರ್ಥ ಅವರ ಕ್ಲಿನಿಕ್ಕಿಗೆ ಹೋಗತೊಡಗಿದಳು. ಚಿಕ್ಕ ವಯಸ್ಸಿನ ಡಾಕ್ಟರು, ಕೆಲಸ ಬಲ್ಲವರು, ಆದರೆ ಮಾತು ರೈಲು. ಗುಳ್ಳೆ ಒಣಗಿದರೂ ಒಳಗೆ ನರ ಹಾಳಾಗಿದೆ, ನರವೇ ಸುಳ್ಳು ಸುಳ್ಳಾಗಿ ಉರಿ ಉರಿ ಎಂದು ಕೂಗುತ್ತಿದೆ, ಅದನ್ನು ಸುಮ್ಮನಾಗಿಸುವ ಮಾತ್ರೆ ಬೇರೆ ಎಂದು ವಿವರಿಸಿ, ಮಲಗುವ ಹೊತ್ತಿಗೆ ಅಮಿಟ್ರಿಪ್ಟಿಲಿನ್ ಒಂದು ಎಂದು ಬರೆದುಕೊಟ್ಟರು. ಚೀಟಿ ತೆಗೆದುಕೊಂಡು ನನ್ನ ಅಂಗಡಿಗೇ ಬಂದಳು. ಕೈಲಾಂಚದಲ್ಲಿ ಆ ಮಾತ್ರೆ ಇಡುವವನು ನಾನೊಬ್ಬನೇ, ಇಲ್ಲದಿದ್ದರೆ ಬರುತ್ತಿರಲಿಲ್ಲ.

ಎರಡು ಬೆಳೆ ಆಗುವಷ್ಟು ಕಾಲ ಅದನ್ನೇ ನುಂಗಿದಳು. ಬಾಯಿ ಒಣಗುತ್ತದೆ ಎಂದು ಬೈದಳು, ಬೆಳಿಗ್ಗೆ ಕಣ್ಣು ಬಿಡಲಾಗುವುದಿಲ್ಲ ಎಂದು ಬೈದಳು. ಅಷ್ಟರಲ್ಲಿ ಸೊಸೆ ಭಾನುಪ್ರಿಯ ಮೊಬೈಲಿನಲ್ಲಿ ಹುಡುಕಿ, ಇದು ಮನಸ್ಸಿನ ಕಾಯಿಲೆಗೆ ಕೊಡುವ ಮಾತ್ರೆ ಎಂದು ಓದಿ ಹೇಳಿದಳು. ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ದೊಡ್ಡಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕೂತಿದ್ದಳು.

"ನಂಗೆ ತಲೆ ಕೆಟ್ಟೈತೆ ಅಂತ ಬರ್ಕೊಟ್ಟವ್ನಾ ಆ ಡಾಕ್ಟ್ರು? ನಿಂಗೂ ಗೊತ್ತಿತ್ತಾ?"

ಅದೇ ಮಾತ್ರೆ ಕಡಿಮೆ ಡೋಸಿನಲ್ಲಿ ನರದ ನೋವಿಗೂ ಕೊಡುತ್ತಾರೆ ಎಂದು ಹೇಳಲು ಹೋದೆ. ಕೇಳುವ ಜನವೇ ಅಲ್ಲ. ಡಾಕ್ಟರು ಬೇಸತ್ತು ಅದನ್ನು ಬಿಡಿಸಿ ಪ್ರೀಗ್ಯಾಬಲಿನ್ ಬರೆದರು, ಬೆಳಿಗ್ಗೆ ಒಂದು, ರಾತ್ರಿ ಒಂದು. ನಿದ್ದೆ, ತಲೆಸುತ್ತು ಬರಬಹುದು, ಮಧ್ಯದಲ್ಲಿ ನಿಲ್ಲಿಸಬೇಡಿ ಎಂದೂ ಹೇಳಿದರಂತೆ.

ಈಗ ಹೇಳುವುದು ನನ್ನ ತಪ್ಪಿನ ಕಥೆ. ಆಯಮ್ಮ ಆಗಾಗ ಬಂದು ಕತ್ತರಿಸಿದ ಶೀಟುಗಳನ್ನು ಕೌಂಟರಿನ ಮೇಲೆ ಇಡುತ್ತಿದ್ದಳು. "ಉಳ್ದವೆ, ವಾಪಸ್ ತಗೋ" ಎನ್ನುತ್ತಿದ್ದಳು. ಕತ್ತರಿಸಿದ್ದನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾನು. ನುಂಗದ ಮಾತ್ರೆ ಮನೆಯಲ್ಲಿಟ್ಟುಕೊಂಡು ಏನು ಪೂಜೆ ಮಾಡಲೇ ಎಂದು ಅವಳು. ಪ್ರತಿ ಸಲವೂ ಇದೇ ಜಗಳ. ಕೊನೆಗೆ ಮಾತ್ರೆಗಳನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ನಾಳೆ ಏನಾದರೂ ತಕರಾರು ಬಂದರೆ ಸಾಕ್ಷಿಗೆ ಇರಲಿ ಎಂದು ನಾನು ರಬ್ಬರ್ ಬ್ಯಾಂಡ್ ಹಾಕಿ, ಚೂರು ಕಾಗದದಲ್ಲಿ ತಾರೀಖು ಬರೆದು, ಬಿಸ್ಕತ್ತಿನ ಡಬ್ಬಿಗೆ ಎಸೆಯುತ್ತಿದ್ದೆ. ಏಕೆ ಉಳಿದವು ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳೋ ಇಲ್ಲವೋ, ಆದರೆ ಕೇಳುವುದು ನನ್ನ ಕೆಲಸವಾಗಿತ್ತು.

ನೋವು ಕಡಿಮೆಯಾಗಿಲ್ಲ ಎಂದು ಡಾಕ್ಟರ ಹತ್ತಿರ ಹೋದಾಗಲೆಲ್ಲ ಡೋಸು ಏರಿತು. ಹತ್ತರಲ್ಲಿ ನೋವು ಎಷ್ಟು ಎಂದು ಡಾಕ್ಟರು ಕೇಳಿದರೆ, "ಹತ್ತು ಅಂದ್ರೆ ನೀವೇನಾರ ಇಸ್ಕೊಂಡೀರಾ?" ಎನ್ನುತ್ತಿದ್ದಳಂತೆ. ಅವರು ಎರಡು ಸಲ ಏರಿಸಿದರು. ನಾನು ಎರಡು ಸಲ ದೊಡ್ಡ ಮಾತ್ರೆ ಕೊಟ್ಟೆ.

ಈ ವರ್ಷ ಕಾರ್ತಿಕ ಕಳೆದ ಮೇಲೆ ಒಂದು ದಿನ ಭಾನುಪ್ರಿಯ ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ ತೆಗೆಯುವ ಮೊದಲೇ ಕೂಗಾಟ ಶುರು.

"ನಿಮ್ಮ ಮಾತ್ರೆ ನುಂಗಿ ನಮ್ಮತ್ತೆ ಹುಳದ ಮನೆ ಮೆಟ್ಲಿಂದ ಬಿದ್ದವ್ರೆ ಶಂಭಣ್ಣ! ಎಡಗೈ ಮಣಿಕಟ್ಟು ಮುರ್ದೋಗೈತೆ. ತಲೆಗೆ ಪೆಟ್ಟು ಬಿದ್ದಿದ್ರೆ ಏನ್ ಗತಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನೂ ಹಾಗೇ ಮಾಡಿದೆ. ನಾನು ಬರೆದದ್ದಲ್ಲ, ಡಾಕ್ಟರು ಬರೆದದ್ದು, ಅದೂ ನಿಮ್ಮತ್ತೆ ಮಾತ್ರೆಯನ್ನು ನೆಟ್ಟಗೆ ನುಂಗುವುದೇ ಇಲ್ಲ, ನೋಡು ಎಂದು ಬಿಸ್ಕತ್ತಿನ ಡಬ್ಬಿಯನ್ನು ಕೌಂಟರಿನ ಮೇಲೆ ಸುರಿದೆ. ಆರು ಕಟ್ಟುಗಳು. ಮೊದಲ ಎರಡರಲ್ಲಿ ಎಂಟೆಂಟು ಮಾತ್ರೆ, ಆಮೇಲಿನ ನಾಲ್ಕರಲ್ಲಿ ಹದಿನಾರು ಹದಿನಾರು.

ಭಾನುಪ್ರಿಯ ಒಂದೊಂದೇ ಚೀಟಿ ಓದಿದಳು. ಅವಳ ಕೂಗು ಇಳಿಯಿತು.

"ಇದು ನಾವು ಮಾರ್ಕೆಟ್ಟಿಗೆ ಗೂಡು ತಗೊಂಡೋದ ದಿನ. ಇದೂ ಅಷ್ಟೇ. ಎಲ್ಲಾ ಗೂಡು ಮಾರಿದ ದಿನವೇ ಅಣ್ಣಾ. ಅತ್ತೆ ಬರ್ತಾ ನಿಮ್ಮಂಗಡಿಗೆ ಬಂದವ್ರೆ."

"ಹದಿನಾರೇ ಯಾಕೆ ಉಳೀತವೆ?"

"ನಾಲ್ಕನೇ ಜ್ವರ ಎದ್ಮೇಲೆ ಹುಳ ಎಂಟು ದಿನ ತಿಂತಾವಲ್ಲ. ದಿನಕ್ಕೆ ಎರಡು ಮಾತ್ರೆ. ಮೊದಲಿನ ಮಾತ್ರೆ ರಾತ್ರಿಗೊಂದೇ ಇತ್ತು, ಅದ್ಕೆ ಎಂಟು."

ರೇಷ್ಮೆ ಸಾಕದವರಿಗೆ ಒಂದು ಮಾತು. ಹುಳ ನಾಲ್ಕು ಸಲ ಸೊಪ್ಪು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳ ಹಣ್ಣಾಗಿ ಗೂಡು ಕಟ್ಟುವವರೆಗೆ ತಿನ್ನುವುದೊಂದೇ ಕೆಲಸ. ನಸುಕಿಗೊಂದು ಸಲ, ಮಧ್ಯಾಹ್ನಕ್ಕೊಂದು ಸಲ, ಊಟದ ಹೊತ್ತಿನ ನಂತರ ಒಂದು ಸಲ ಸೊಪ್ಪು ಬೀಳಲೇಬೇಕು. ಆ ಎಂಟು ದಿನ ತೂಕಡಿಸಿದವನ ಬೆಳೆ ಹೋಯಿತೆಂದೇ ಲೆಕ್ಕ. ಹಾಗಾಗಿ ಆ ಎಂಟು ದಿನ ದೊಡ್ಡಲಕ್ಷ್ಮಮ್ಮ ಮಾತ್ರೆಯನ್ನು ಪೂರ್ತಿ ನಿಲ್ಲಿಸಿ ಉರಿಯನ್ನು ಹಲ್ಲುಕಚ್ಚಿ ತಡೆದುಕೊಳ್ಳುತ್ತಿದ್ದಳು. ಹುಳ ಗೂಡು ಕಟ್ಟುವ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ಏರಿದ ಮಾರನೆಯ ದಿನ ಮತ್ತೆ ಪೂರ್ತಿ ಡೋಸು, ಒಂದೇ ಏಟಿಗೆ. ನಿಲ್ಲಿಸುವುದೂ ಮೆಲ್ಲಗಿರಬೇಕು, ಶುರು ಮಾಡುವುದೂ ಮೆಲ್ಲಗಿರಬೇಕು ಎನ್ನುವ ಮಾತ್ರೆ ಅದು. ಅದಕ್ಕೇ ಬಿದ್ದಳು. ನೋವು ಹೋಗಿಲ್ಲ ಎಂದು ನಾವು ಡೋಸು ಏರಿಸಿದ್ದು ಆಯಮ್ಮ ನುಂಗದ ಮಾತ್ರೆಯನ್ನು ನಂಬಿ. ವರ್ಷದಿಂದ ಸಾಕ್ಷಿ ನನ್ನ ಡಬ್ಬಿಯಲ್ಲೇ ಇತ್ತು. ನನಗೆ ನಾಚಿಕೆಯಾಯಿತು. ಮಾರನೆಯ ದಿನ ಅಂಗಡಿ ಮುಚ್ಚಿ ಡಬ್ಬಿ ಹಿಡಿದು ಅತ್ತೆ ಸೊಸೆಯ ಹಿಂದೆಯೇ ನಾನೂ ಕ್ಲಿನಿಕ್ಕಿಗೆ ಹೋದೆ.

ಮುರಿದ ಕೈಗೆ ಬಟ್ಟೆಯ ಜೋಲಿ ಕಟ್ಟಿದ್ದರು. ಆ ಕೈ ಬಂದು ಕೂರುವುದು ಸರಿಯಾಗಿ ಉರಿಯುವ ಪಕ್ಕೆಯ ಮೇಲೆ. ಅದು ಸೋಕದಂತೆ ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು.

ಡಾಕ್ಟರು ಕಟ್ಟುಗಳನ್ನು ನೋಡಿ ಕೆಂಡವಾದರು. "ಮಧ್ಯದಲ್ಲಿ ನಿಲ್ಲಿಸಬೇಡಿ ಅಂತ ನಾನು ಹೇಳಿರಲಿಲ್ವಾ ಅಮ್ಮಾ?"

"ನಂಗೆ ಹೇಳಿದ್ರಿ. ಹುಳಕ್ಕೆ ಯಾರ್ ಹೇಳ್ತಾರೆ?"

"ಹುಳ ಮುಖ್ಯನಾ, ಜೀವ ಮುಖ್ಯನಾ?"

"ನೀವು ಈ ಖುರ್ಚಿ ಬುಟ್ಟು ಮನೇಲಿ ಕೂತ್ಕಳಿ, ಆಮೇಲೆ ಕೇಳಿ ಈ ಮಾತ."

ಭಾನುಪ್ರಿಯ ಮಧ್ಯೆ ಬಾಯಿ ಹಾಕಿದಳು. "ಹುಳ ಸಾಕೋದೇ ಬೇಡ ಅಂತೀವಿ ಸಾರ್. ಮನೇಲಿ ಇವ್ರು ಕೆಲಸ ಮಾಡಿ ಅನ್ನ ಕಾಣೋ ಗತಿ ಏನೂ ಇಲ್ಲ. ಕೇಳಲ್ಲ."

"ನೀ ಸುಮ್ಕಿರು" ಎಂದಳು ದೊಡ್ಡಲಕ್ಷ್ಮಮ್ಮ. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು. "ಮನೆ ಒಳ್ಗಿದ್ರೆ ಒಬ್ರು ಸೋಕ್ತಾರೆ, ಒಬ್ರು ನಾಟ್ಕ ಅಂತಾರೆ. ಹುಳದ ಮನೇಲಿ ಸೆರಗು ತೆಗ್ದು ಬರೀ ಬನೀನಲ್ಲಿ ಕೂರ್ತೀನಿ. ಅಲ್ಲಿ ಯಾರೂ ನನ್ನ ಮುಟ್ಟಲ್ಲ. ಅದ್ನೂ ಕಿತ್ಕಂಡ್ರೆ ನಾ ಎಲ್ಲಿಗೋಗ್ಲಿ?"

ಭಾನುಪ್ರಿಯ ತಲೆ ತಗ್ಗಿಸಿದಳು. ನಾಟಕ ಎಂದವರಲ್ಲಿ ಅವಳೂ ಒಬ್ಬಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ರೈಲು ಮೊದಲ ಸಲ ನಿಂತದ್ದನ್ನು ನಾನು ಕಂಡೆ. "ನೋಡಿ ಅಮ್ಮಾ, ಈ ನೋವನ್ನ ಪೂರ್ತಿ ತೆಗೆಯೋ ಮಾತ್ರೆ ನನ್ನ ಹತ್ರ ಇಲ್ಲ. ಯಾರ ಹತ್ರಾನೂ ಇಲ್ಲ. ಅದನ್ನ ಮೊದಲೇ ಹೇಳಬೇಕಿತ್ತು" ಎಂದರು. ಆಮೇಲೆ ಒಂದೊಂದಾಗಿ ಕೇಳಿದರು. ಮೆಣಸಿನಕಾಯಿ ಸತ್ವದ ಮುಲಾಮು ಒಂದಿದೆ, ಹಚ್ಚುತ್ತೀರಾ? ಖಾರದ ಕೈಯಲ್ಲಿ ಸೊಪ್ಪು ಮುಟ್ಟಲೇ ಎಂದು ಗದರಿದಳು. ಮರಗಟ್ಟಿಸುವ ಪಟ್ಟಿ ಅಂಟಿಸಿಕೊಳ್ಳುತ್ತೀರಾ? ಅಂಟಿಸಬಹುದು, ಕೀಳುವವರು ಯಾರು, ಕೀಳುವಾಗ ಜೀವ ಹೋಗುತ್ತದೆ ಎಂದಳು. ಮೊದಲಿನ ಮಾತ್ರೆ? ಮನಸ್ಸಿನ ಮಾತ್ರೆ ಸಾಯುವವರೆಗೂ ಮುಟ್ಟುವುದಿಲ್ಲ ಎಂದಳು. ಆಗ ಡಾಕ್ಟರು ಇಷ್ಟು ದಿನ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು. "ಹುಳಕ್ಕೆ ಕೊನೇ ಸೊಪ್ಪು ಎಷ್ಟೊತ್ತಿಗೆ ಹಾಕ್ತೀರಿ?"

"ಒಂಬತ್ತೂವರೆ, ಹತ್ತು."

"ಬೆಳಿಗ್ಗೆ ಮೊದಲನೇದು?"

"ಐದಕ್ಕೆ."

ಅವರು ಇಟ್ಟದ್ದು ಎರಡು ದಾರಿ. ಮೆಲ್ಲಗೆ ಏರಿಸಿ ದಿನಕ್ಕೆರಡು ಮಾತ್ರೆ ತಪ್ಪದೆ ನುಂಗಿದರೆ ನೋವು ಹೆಚ್ಚು ಇಳಿಯಬಹುದು, ಆದರೆ ಮಂಪರು ಇರುತ್ತದೆ, ಹುಳ ಬಿಡಬೇಕು. ಇಲ್ಲವಾದರೆ ಸಣ್ಣ ಡೋಸಿನದು ಒಂದೇ ಮಾತ್ರೆ, ಸಂಜೆ ಏಳಕ್ಕೆ. ಬೆಳಗಿನ ಐದಕ್ಕೆ ಮಂಪರು ಇಳಿದಿರುತ್ತದೆ, ಬೆಳಿಗ್ಗೆ ಮಾತ್ರೆ ಇಲ್ಲದ್ದರಿಂದ ಹಗಲು ಎಚ್ಚರ ಇರುತ್ತದೆ. ಆದರೆ ಹಗಲಿನ ನೋವು ಅರ್ಧ ಉಳಿದುಕೊಳ್ಳುತ್ತದೆ. ಬೆಳೆ ಇರಲಿ ಬಿಡಲಿ ಒಂದು ದಿನವೂ ತಪ್ಪಿಸುವಂತಿಲ್ಲ. ಮತ್ತು ರಾತ್ರಿಯ ಕೊನೆಯ ಸೊಪ್ಪನ್ನು ಬೇರೆ ಯಾರಾದರೂ ಹಾಕಬೇಕು.

ಬೇರೆ ಯಾರಾದರೂ ಎಂದರೆ ಭಾನುಪ್ರಿಯ. ನಲವತ್ತು ವರ್ಷದಲ್ಲಿ ಇನ್ನೊಬ್ಬರ ಕೈಗೆ ಸೊಪ್ಪಿನ ಕಂತೆ ಕೊಡದವಳು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಮಾತ್ರೆ ಆರಿಸುವುದಕ್ಕಿಂತ ಇದು ಕಷ್ಟ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು. ನನಗೆ ಆಗ ಆಯಮ್ಮನ ಮೇಲೆ ಮೊದಲ ಸಲ ಕನಿಕರ ಬಂತು.

"ಪೌಡರ್ ಬಳ್ಕಂಡು ಬರಂಗಿಲ್ಲ" ಎಂದಳು.

"ಬಳ್ಕೊಳಲ್ಲ."

"ಮೊಬೈಲು ಹೊರ್ಗೆ. ಕೈ ತೊಳೀದೆ ಕಾಲಿಟ್ರೆ ಕಾಲು ಮುರೀತೀನಿ."

"ಒಂದು ಕೈ ಮುರ್ಕೊಂಡು ಕೂತಿದ್ದೀರ, ಇನ್ನೊಬ್ರ ಕಾಲ್ ಬೇರೆ ಮುರೀತಾರಂತೆ. ಆಯ್ತು, ತೊಳೀತೀನಿ" ಎಂದಳು ಭಾನುಪ್ರಿಯ.

ಡಾಕ್ಟರ ಕಡೆ ತಿರುಗಿ ದೊಡ್ಡಲಕ್ಷ್ಮಮ್ಮ ಹೇಳಿದಳು, "ಒಂದೇ ಮಾತ್ರೆ ಬರೀರಿ. ಅರ್ಧ ನೋವು ನಾ ಇಟ್ಕತೀನಿ."

ದೊಡ್ಡ ಡೋಸನ್ನು ವಾರವಾರವೂ ಇಳಿಸಿಕೊಂಡು ಬರುವ ಚೀಟಿಯನ್ನು ಡಾಕ್ಟರು ಬರೆದರು. ಯಾವ ದಿನ ಎಷ್ಟು ಎಂದು ನಾನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಆಯಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಸೊಸೆಯ ಕೈಗೆ ಕೊಡು ಎಂದು ಗಲ್ಲ ಎತ್ತಿ ತೋರಿಸಿದಳು.

ಆಮೇಲೆ ಎರಡು ಬೆಳೆ ಆದವು. ಮೊದಲನೆಯದರಲ್ಲಿ ರಾತ್ರಿಯ ಸೊಪ್ಪು ತೆಳ್ಳಗೆ ಬಿತ್ತೆಂದು ಅತ್ತೆ ಸೊಸೆ ಮೂರು ದಿನ ಮಾತು ಬಿಟ್ಟಿದ್ದರಂತೆ. ಆದರೂ ಏಳಕ್ಕೆ ಮಾತ್ರೆ ತಪ್ಪಲಿಲ್ಲ. ನೀರಿನ ಲೋಟ ಕುಕ್ಕಿ ಇಟ್ಟು ಹೋಗುತ್ತಿದ್ದೆ ಎಂದು ಭಾನುಪ್ರಿಯಳೇ ಹೇಳಿದಳು. ಬೆಳೆ ಕೆಡಲಿಲ್ಲ.

ಮೊನ್ನೆ ಸೋಮವಾರ ದೊಡ್ಡಲಕ್ಷ್ಮಮ್ಮ ಒಬ್ಬಳೇ ಬಂದಳು. ಕೈಯ ಪಟ್ಟಿ ಬಿಚ್ಚಿದ್ದರು. ತಿಂಗಳ ಮಾತ್ರೆ ಕೊಟ್ಟೆ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಬಹಳ ದಿನದಿಂದ ಹೇಳಬೇಕೆಂದುಕೊಂಡಿದ್ದನ್ನು ಹೇಳಿಬಿಟ್ಟೆ. "ಲಕ್ಷ್ಮಮ್ಮೋರೇ, ಆ ಮೂರು ತಿಂಗಳು ಕೆಲಸಕ್ಕೆ ಬಾರದ ಮಾತ್ರೆ ಕೊಟ್ಟೆ. ಆಮೇಲೂ ಕೇಳಬೇಕಾದ್ದನ್ನ ಕೇಳಲಿಲ್ಲ. ತಪ್ಪಾಯ್ತು."

ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದವಳು ತಲೆಯೆತ್ತಿದಳು. ಕರಗಿದಳೇನೋ ಎಂದುಕೊಂಡೆ.

"ನೋವು ಅರ್ಧ ಹೋಗೈತೆ ಕಣಯ್ಯ" ಎಂದಳು. "ನಿನ್ ಮೇಲಿನ ಸಿಟ್ಟು ಒಸಿನೂ ಹೋಗಿಲ್ಲ. ಅದ್ಕೂ ಮಾತ್ರೆ ಹುಡುಕ್ಬೇಡ, ಅದು ನಂಗೆ ಬೇಕು."